ಗುರು ಯಾರು ಅಂತ ಕೇಳ್ತೀರಲ್ಲ ಸಾಹೇಬ್ರ, ಕೇಳ್ರಿ ಹಂಗಾರ



ಹೋದ ವಾರ ಹತ್ತರಗಿಯೊಳಗ ನಮ್ಮ ದೊಡ್ಡವ್ವನ ಕಲಾವಿದರ ಮಾಸಾಶನದ ಅರ್ಜಿ ತುಂಬಾಕ ಕೂತಿದ್ದೆ. ನಾನು ಕಚೇರಿಯ ಕ್ಲರ್ಕ್, ಅರ್ಜಿ ತುಂಬೋದು ನನಗ ಹೊಸದಲ್ಲ. ಆದ್ರ "ಗುರು ಯಾರು, ಪ್ರಮಾಣಪತ್ರ ಎಲ್ಲಿ" ಅನ್ನೋ ಪ್ರಶ್ನೆಗೆ ಪೆನ್ನು ನಿಂತಿತು. ದೊಡ್ಡವ್ವ ಅಂದ್ಲು: "ಗುರು ಯಾರಪಾ? ನಮ್ಮವ್ವ ಹಾಡ್ತಿದ್ಲು, ನಾ ಹಿಂದ ನಿಂತು ದನಿ ಕೂಡಸ್ತಿದ್ದೆ."

ಅಕಿಗೆ ಈಗ ಎಪ್ಪತ್ತು ದಾಟೈತಿ. ಸಣ್ಣಾಕಿದ್ದಾಗ ಮುತ್ತು ಕಟ್ಟಿದ್ರು. ಚೌಡಿಕಿ ಹಿಡಿದು ಎಲ್ಲವ್ವನ ಕತಿ ರಾತ್ರಿಯೆಲ್ಲ ಹಾಡ್ತಾಳ. ಎಲ್ಲವ್ವ ಮಾತಂಗಿ ಮನಿಯೊಳಗ ಆಸರಾ ಪಡೆದ ಕತಿ ಬಂದಾಗ ಕೇರಿಯ ಹೆಣ್ಮಕ್ಕಳು ಸೆರಗಿಲೆ ಕಣ್ಣು ಒರಸ್ಕೋತಾರ. ಅದೇ ದಾಟಿಯೊಳಗ ಬಾಬಾಸಾಹೇಬರ ಹಾಡೂ ಕಟ್ಟ್ಯಾಳ. ಮೂರು ವರ್ಷದ ಹಿಂದ ಒಂದು ಆಯ್ಕೆ ಸಮಿತಿಯ ಮುಂದ ಅದನ್ನ ಹಾಡಿದ್ಲು. ಅಲ್ಲಿದ್ದ ಒಬ್ಬ ಪಂಡಿತರು ಕೈ ಎತ್ತಿ ನಿಲ್ಲಿಸಿದ್ರು: "ಇದು ಜಾನಪದ ಅಲ್ಲಮ್ಮ. ಮೂಲ ಸಂಪ್ರದಾಯದ್ದು ಹಾಡು."

ಅಂದು ಸುಮ್ಮನೆ ಬಂದ್ವಿ. ಇಂದು ಕೇಳ್ತೀನಿ.

ನಮ್ಮ ಭಾಗದ ಹೆಮ್ಮೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದರು. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಮನೆಮಾತು ಮಾಡಿದರು. ಕೈಯಿಂದ ಕೈಗೆ ಬದಲಾಗುತ್ತಲೇ ಬಂತು. ಅದು ಸಂಪ್ರದಾಯ ಹೌದು, ನಮ್ಮವ್ವ ಬದಲಾಯಿಸಿದ್ರ ಅಲ್ಲ. ಯಾಕ?

ಪಕ್ಕದ ಸಾಂಗಲಿ ಜಿಲ್ಲೆಯ ವಾಟೆಗಾವದೊಳಗ 1920ರಲ್ಲಿ ಮಾಂಗ ಕೇರಿಯಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ ಸ್ಟಾಲಿನ್‌ಗ್ರಾಡ್ ಯುದ್ಧದ ಮ್ಯಾಲೆ ಪೋವಾಡ ಕಟ್ಟಿದರು. ಯುದ್ಧ ಹೊಸದು, ಪೋವಾಡ ಹಳೇದು. ಅವರನ್ನು ಲೋಕಶಾಹೀರ ಅಂತ ಕರೆದದ್ದು ಜನ.

ಕೀಬೋರ್ಡ್ ಇಟ್ಟುಕೊಂಡು ವೇದಿಕೆ ಮ್ಯಾಲೆ ಜನಪದ ಗೀತೆ ಹಾಡೋ ಹುಡುಗರ ಮ್ಯಾಲೆ ನನಗ ಸಿಟ್ಟಿಲ್ಲ. ಚಲೋ ಹಾಡ್ತಾರ, ಹಾಡ್ಲಿ. ಆದ್ರ ಅವರು ಸಾಲು ಮರೆತ್ರ ಮೊಬೈಲ್ ನೋಡ್ತಾರ. ದೊಡ್ಡವ್ವ ಮರೆತ್ರ ಮುಂದ ಕುಂತ ಹೆಣ್ಮಕ್ಕಳು ಎತ್ತಿಕೊಡ್ತಾರ. ಅಕಿ ಹೊಸ ಸಾಲು ಸೇರಿಸಿದ್ರ ಅದು ಉಳೀಬೇಕೋ ಬ್ಯಾಡೋ ಅಂತ ಅವರೇ ತೀರ್ಮಾನ ಮಾಡ್ತಾರ. ಜನಪದ ಹಾಡುಗಾರ್ತಿ ಅಂದ್ರ ಇಷ್ಟೇ: ತಿದ್ದೋ ಜನ ಇರಬೇಕು, ತಾನೂ ಒಂದು ಸಾಲು ಸೇರಿಸೋ ಹಕ್ಕು ಇರಬೇಕು. ಹಾಡಿನ ವಯಸ್ಸು, ಕೊರಳಾಗಿನ ಕವಡಿ ಸರ, ಹಣೆಯ ಭಂಡಾರ ಅಲ್ಲ.

ಇನ್ನೊಂದು ಮಾತು. "ಸಂಪ್ರದಾಯ ಉಳಿಸ್ರಿ" ಅಂತ ನಮಗ ಉಪದೇಶ ಮಾಡಬ್ಯಾಡ್ರಿ. ನಿಮಗದು ಕಲೆ, ನಮಗದು ಬಿಟ್ಟಿ ಚಾಕರಿ ಆಗಿತ್ತು. ಸತ್ತಾಗ ಹಲಗಿ ಬಾರಿಸು, ಜಾತ್ರಿಗೆ ಬಾರಿಸು, ಊಟಕ್ಕ ಮಾತ್ರ ದೂರ ಕುಂದ್ರು. ಮುತ್ತು ಕಟ್ಟೋದನ್ನು 1982ರ ಕಾನೂನು ನಿಷೇಧಿಸಿತು. ಅದು ಸರಿಯೇ. ನನ್ನ ಮಗಳು ಚೌಡಿಕಿ ಹಿಡೀದಿದ್ರ ಸಂಪ್ರದಾಯ ಸತ್ತಿತು ಅಂತ ಅಳಬ್ಯಾಡ್ರಿ. ಹಿಡಿದ್ರ ಅದು ಅಕಿ ಇಷ್ಟ ಆಗಬೇಕು, ಹರಕಿ ಅಲ್ಲ. ಹೇಳಿದಾಗ ಹಲಗಿ ಬಾರಿಸಾಕ ಒಲ್ಲೆ ಅಂದ ಹುಡುಗರೇ ಏಪ್ರಿಲ್ 14ಕ್ಕ ಕುಣಿದು ಬಾರಿಸ್ತಾರ. ಹಲಗಿ ಅದೇ, ಅಪ್ಪಣೆ ಮಾತ್ರ ಇಲ್ಲ.

ಇದೇ ನಿಪ್ಪಾಣಿಗೆ ಬಾಬಾಸಾಹೇಬರು 1925ರಲ್ಲಿ ಬಂದಿದ್ರು. ಅವರ ಹೆಸರು ನಮ್ಮ ಹಾಡಿನೊಳಗ ಬಂದ್ರ "ಮೂಲ ಅಲ್ಲ" ಅನ್ನೋರು, ಮೂಲ ಯಾವ ಇಸವಿಗೆ ಮುಗೀತು ಅಂತ ಹೇಳ್ರಿ.

ನನ್ನ ಬೇಡಿಕೆ ದೊಡ್ಡದಲ್ಲ. ಸಮಿತಿಯವರು ಒಂದು ರಾತ್ರಿ ಕೇರಿಗೆ ಬಂದು ಕುಂದ್ರಿ. ಕಾಗದ ಕೇಳೋ ಮೊದಲು ಕೇಳೋ ಜನರನ್ನ ಕೇಳ್ರಿ.

ಗುರುವಿನ ಹೆಸರಿದ್ದ ಕಡೆ ದೊಡ್ಡವ್ವನ ತಾಯಿಯ ಹೆಸರು ಬರೆದೀನಿ. ಅರ್ಜಿ ತಿರಸ್ಕಾರ ಮಾಡೋದಾದ್ರ ಕಾರಣ ಬರೆದು ಕಳಸ್ರಿ. ಕೇರಿಯೊಳಗ ನಿಂತು ಎಲ್ಲರಿಗೂ ಓದಿ ಹೇಳ್ತೀನಿ. ದೊಡ್ಡವ್ವ ಅದನ್ನೂ ಹಾಡು ಕಟ್ಟಿದ್ರ ನನ್ನ ಬೈಬ್ಯಾಡ್ರಿ.

ಜೈಭೀಮ್.