ಗೋಜಲನ್ನೇ ಆಳ ಎನ್ನುವವರಿಗೆ

ಮೆಟಲ್ ಗೇರ್ ಸರಣಿಯ ಕಥೆ ಗೋಜಲು ಎಂದು ಯಾರಾದರೂ ಹೇಳಿದರೆ ಸಾಕು, ಅದರ ಸಮರ್ಥಕರು ಐದು ಉತ್ತರಗಳೊಂದಿಗೆ ಎದ್ದು ನಿಲ್ಲುತ್ತಾರೆ. ಕೊನಾಮಿ ಕಂಪನಿಗಾಗಿ ಹಿಡಿಯೊ ಕೊಜಿಮಾ 1987ರಲ್ಲಿ ಎಂಎಸ್‌ಎಕ್ಸ್2 ಕಂಪ್ಯೂಟರಿಗೆ ರೂಪಿಸಿದ ಈ ಆಟ, ಶತ್ರುವನ್ನು ಹೊಡೆದುರುಳಿಸುವುದಕ್ಕಿಂತ ಅವನ ಕಣ್ತಪ್ಪಿಸಿ ನುಸುಳುವುದೇ ರೋಚಕ ಎಂದು ತೋರಿಸಿಕೊಟ್ಟಿತು. ಆ ಹಿರಿಮೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ವಕೀಲರ ಬಗ್ಗೆ. ಅವರ ಐದೂ ವಾದಗಳನ್ನು ಇಲ್ಲಿಡುತ್ತೇನೆ, ತೀರ್ಪು ಓದುಗರದು.

ಮೊದಲನೆಯ ವಾದ: ಕಥೆಯೆಲ್ಲ ಮೊದಲೇ ಯೋಚಿಸಿಟ್ಟದ್ದು, ಪೂರ್ತಿ ಆಡಿದವರಿಗೆ ಎಲ್ಲ ಕೊಂಡಿಯೂ ಕೂಡುತ್ತದೆ. ಇದೇ ಜನ ಇನ್ನೊಂದು ಮಾತನ್ನೂ ಹೆಮ್ಮೆಯಿಂದ ಹೇಳುತ್ತಾರೆ: ಕೊಜಿಮಾ ಪ್ರತಿ ಸಲವೂ ಇದೇ ಕೊನೆ ಎನ್ನುತ್ತಿದ್ದರು, ಬೇಡಿಕೆಗೆ ಮಣಿದು ಮರಳುತ್ತಿದ್ದರು. ಪ್ರತಿ ಆಟವೂ ಕೊನೆಯದಾಗಬೇಕಿತ್ತು ಎಂದಾದರೆ ಮುಂದಿನದರ ಯೋಜನೆ ಎಲ್ಲಿಂದ ಬಂತು? ಸಾಕ್ಷಿ ಆಟದೊಳಗೇ ಇದೆ. 2001ರ ಎರಡನೆಯ ಆಟ 'ಸನ್ಸ್ ಆಫ್ ಲಿಬರ್ಟಿ'ಯ ಕೊನೆಯಲ್ಲಿ, ಅಮೆರಿಕವನ್ನು ಮರೆಯಿಂದ ಆಳುವ 'ಪೇಟ್ರಿಯಟ್ಸ್' ಕೂಟದ ಹನ್ನೆರಡು ಜನರ ಪಟ್ಟಿ ಸಿಗುತ್ತದೆ; ಅವರೆಲ್ಲ ಸತ್ತು ಸುಮಾರು ನೂರು ವರ್ಷವಾಗಿದೆ ಎಂದು ತಿಳಿಯುತ್ತದೆ. 2008ರ ನಾಲ್ಕನೆಯ ಆಟಕ್ಕೆ ಬಂದರೆ ಅದೇ ಕೂಟವನ್ನು ಕಟ್ಟಿದವರು ಮೇಜರ್ ಜೀರೊ ಮತ್ತು ಅವನ ರೇಡಿಯೊ ಬಳಗ! ಮೂರನೆಯ ಆಟದ 1964ರ ಕಾಡಿನಲ್ಲಿ ಯಾವ ಹಾವನ್ನು ತಿನ್ನಬಹುದು, ಯಾವ ಸಿನಿಮಾ ಚೆನ್ನಾಗಿದೆ ಎಂದು ರೇಡಿಯೊದಲ್ಲಿ ಹರಟುತ್ತಿದ್ದ ವೈದ್ಯೆಯೂ ಅದರಲ್ಲೊಬ್ಬಳು. ಇದಕ್ಕೆ ಯೋಜನೆ ಎನ್ನುವುದಿಲ್ಲ, ತೇಪೆ ಎನ್ನುತ್ತಾರೆ.

ಎರಡನೆಯ ವಾದ: ಗೊಂದಲವೇ ಎರಡನೆಯ ಆಟದ ಉದ್ದೇಶ, ಮಾಹಿತಿಯ ಮಹಾಪೂರದಲ್ಲಿ ಸತ್ಯ ಮುಳುಗುವ ಕಾಲವನ್ನು ಅದು ಮುಂಗಂಡಿತು. ಮುಂಗಂಡದ್ದು ನಿಜ. ಕರ್ನಲ್‌ನ ದನಿಯಲ್ಲಿ ಮಾತಾಡುವ ಕೃತಕ ಬುದ್ಧಿಮತ್ತೆ, ಡಿಜಿಟಲ್ ಲೋಕದಲ್ಲಿ ಕಸವೂ ಅಳಿಯದೆ ಉಳಿಯುತ್ತದೆ, ಪ್ರತಿಯೊಬ್ಬನೂ ತನಗೆ ಹಿತವಾದ ಸತ್ಯದೊಳಗೆ ಕದವಿಕ್ಕಿಕೊಳ್ಳುತ್ತಾನೆ ಎಂದು ನಾಯಕ ರೈಡನ್‌ಗೆ ಹೇಳುವ ಸಂಭಾಷಣೆ ಇವತ್ತಿಗೂ ಮೈ ನಡುಗಿಸುತ್ತದೆ. ಆದರೆ ಆ ಭಾಗದಲ್ಲಿ ಗೋಜಲೇ ಇಲ್ಲ, ಅದು ನಿಚ್ಚಳವಾಗಿದೆ. ಗೋಜಲಿರುವುದು ಒಳಸಂಚಿನೊಳಗಿನ ಒಳಸಂಚಿನಲ್ಲಿ, ನಿಷ್ಠೆ ಯಾರಿಗೆಂದೇ ತಿಳಿಯದ ಗೂಢಚಾರ ಓಸೆಲಾಟ್‌ನಲ್ಲಿ. ಸ್ಪಷ್ಟ ಭಾಗದ ಕೀರ್ತಿಯನ್ನು ಅಸ್ಪಷ್ಟ ಭಾಗದ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಮುಂದಿನದು ಇನ್ನೂ ವಿಚಿತ್ರ. ಎರಡನೆಯ ಆಟದಲ್ಲಿ ಪೇಟ್ರಿಯಟ್ಸ್ ಭಯ ಹುಟ್ಟಿಸಿದ್ದು ಅದಕ್ಕೆ ಮುಖವೇ ಇರಲಿಲ್ಲವಾದ್ದರಿಂದ. ಅಧಿಕಾರದ ನಡುವೆ ತಾನೇ ತಾನಾಗಿ ಹೆಪ್ಪುಗಟ್ಟಿದ ಪ್ರಜ್ಞೆ ಅದು. ನಾಲ್ಕನೆಯ ಆಟ ಅದಕ್ಕೆ ಗಾಲಿಕುರ್ಚಿಯಲ್ಲಿ ಕುಳಿತ ಮುದುಕ ಜೀರೊನ ಮುಖ ಅಂಟಿಸಿತು. ಎರಡನೆಯದರ ದರ್ಶನವನ್ನೂ ನಾಲ್ಕನೆಯದರ 'ಪರಿಪೂರ್ಣ ಮುಕ್ತಾಯ'ವನ್ನೂ ಒಂದೇ ಉಸಿರಿನಲ್ಲಿ ಹೊಗಳುವವರು ಯಾವುದಾದರೂ ಒಂದನ್ನು ಬಿಟ್ಟುಕೊಡಲೇಬೇಕು.

ಮೂರನೆಯ ವಾದ: ಪ್ರತಿ ಒಗಟಿಗೂ ಆಟವೇ ಉತ್ತರ ಕೊಟ್ಟಿದೆ. ಕೊಟ್ಟಿದೆ, ಒಂದೇ ಉತ್ತರವನ್ನು: ನ್ಯಾನೊಮಷೀನ್. ತಲೆಗೆ ಗುಂಡು ಬಿದ್ದರೂ ಸಾಯದ ವ್ಯಾಂಪ್‌ಗೆ ನ್ಯಾನೊಮಷೀನ್. ಸತ್ತ ಶತ್ರು ಲಿಕ್ವಿಡ್‌ನ ಕೈ ಕಸಿ ಮಾಡಿಸಿಕೊಂಡು ಅವನ ದನಿಯಲ್ಲೇ ಮಾತಾಡತೊಡಗಿದ ಓಸೆಲಾಟ್‌ಗೂ ಅದೇ. 2004ರ ಮೂರನೆಯ ಆಟದಲ್ಲಿ ಪ್ರೇತಗಳೊಡನೆ ಮಾತಾಡುವ 'ಸಾರೋ' ಓಸೆಲಾಟ್‌ನ ತಂದೆ ಎಂಬ ಸುಳಿವು ಸಿಕ್ಕಾಗ, ಆವೇಶದ ಗುಣ ರಕ್ತದಲ್ಲೇ ಬಂದದ್ದು ಎಂದು ಸಮರ್ಥಕರು ಹಿಗ್ಗಿದರು. ನಾಲ್ಕನೆಯದು ಬಂದು, ಆವೇಶವೂ ಇಲ್ಲ, ಪ್ರೇತವೂ ಇಲ್ಲ, ನ್ಯಾನೊಮಷೀನ್ ಮತ್ತು ಮನೋಚಿಕಿತ್ಸೆಯಿಂದ ತನ್ನನ್ನೇ ನಂಬಿಸಿಕೊಂಡನಷ್ಟೆ ಎಂದಿತು. ಅದಕ್ಕೂ ಹಿಗ್ಗಿದರು. ಎಲ್ಲ ಬೀಗಕ್ಕೂ ಹೊಂದುವ ಉತ್ತರ ಯಾವ ಒಗಟನ್ನೂ ಬಿಡಿಸಿದಂತಲ್ಲ. ಕೊನಾಮಿಯೇ ಆ ಆಟದ ಬೆನ್ನಿಗೆ ಪ್ಲೇಸ್ಟೇಷನ್ 3ರಲ್ಲಿ ಕಥೆಯ ವಿಶ್ವಕೋಶವೊಂದನ್ನು ಬಿಡಬೇಕಾಯಿತು ಎಂಬುದನ್ನೂ ಓದುಗರು ಗಮನಿಸಲಿ.

ನಾಲ್ಕನೆಯ ವಾದ: ದೀರ್ಘ ದೃಶ್ಯಗಳು ಸಿನಿಮಾದ ಭಾಷೆ, ಆಟವನ್ನು ಕಲೆಯಾಗಿಸಿದ್ದೇ ಅವು. ನಾಲ್ಕನೆಯ ಆಟದ ಮುಕ್ತಾಯ ಒಂದು ಗಂಟೆಗೂ ಮೀರಿ ಓಡುತ್ತದೆ. ಸಿನಿಮಾ ತೋರಿಸುತ್ತದೆ, ಇಲ್ಲಿ ಪಾತ್ರಗಳು ನಿಂತು ವಿವರಣೆ ಒಪ್ಪಿಸುತ್ತವೆ. ಅದೇ ಆಟದಲ್ಲಿ ಯುದ್ಧದಿಂದ ನುಚ್ಚುನೂರಾದ ನಾಲ್ವರು ಹೆಂಗಸರೊಡನೆ ಸೆಣಸಬೇಕು. ಪ್ರತಿಯೊಬ್ಬಳನ್ನೂ ಸೋಲಿಸಿದ ಮೇಲೆ ಡ್ರೆಬಿನ್ ಎಂಬ ಶಸ್ತ್ರವ್ಯಾಪಾರಿ ರೇಡಿಯೊದಲ್ಲಿ ಅವಳ ದುರಂತ ಕಥೆಯನ್ನು ಓದಿ ಹೇಳುತ್ತಾನೆ. ಕಾದಾಡುವಾಗ ಅರಿಯದ ನೋವನ್ನು ಕಾದಾಟ ಮುಗಿದ ಮೇಲೆ ವರದಿಯಾಗಿ ಕೇಳಿ ಏನು ಪ್ರಯೋಜನ?

ಇದರ ಪಕ್ಕದಲ್ಲಿ ಮೂರನೆಯ ಆಟವನ್ನಿಡಿ. ಸಾರೋ ಎದುರಾಗುವ ನದಿಯಲ್ಲಿ ಕಾದಾಟವೇ ಇಲ್ಲ. ನಾವು ನಡೆಯಬೇಕು, ಅಲ್ಲಿಯವರೆಗೆ ನಾವು ಕೊಂದವರು ಒಬ್ಬೊಬ್ಬರಾಗಿ, ನಾವು ಕೊಂದ ಗಾಯವನ್ನೇ ಹೊತ್ತು ಎದುರು ಬರುತ್ತಾರೆ. ಹೆಚ್ಚು ಕೊಂದವರಿಗೆ ನದಿ ಹೆಚ್ಚು ದೀರ್ಘ. ಬಿಳಿ ಹೂಗಳ ಬಯಲಿನಲ್ಲಿ ತನ್ನನ್ನು ಬೆಳೆಸಿದ ಗುರು 'ದಿ ಬಾಸ್'ಗೆ ಆ ಆಟದ ನಾಯಕ ಸ್ನೇಕ್ ಕೊನೆಯ ಗುಂಡು ಹೊಡೆಯಬೇಕಾದಾಗ ಗುಂಡಿ ಒತ್ತಬೇಕಾದವರು ನಾವೇ. ಯಾವ ಸಿನಿಮಾವೂ ಇದನ್ನು ಮಾಡಲಾರದು. ಅಷ್ಟೇಕೆ, ನಾಲ್ಕನೆಯದರಲ್ಲೇ ಮುದಿ ಸ್ನೇಕ್ ಮೈಕ್ರೋವೇವ್ ಸುರಂಗದಲ್ಲಿ ತೆವಳುವಾಗ ಗುಂಡಿ ಒತ್ತಿ ಒತ್ತಿ ನಮ್ಮ ಬೆರಳೂ ಸೋಲುತ್ತದೆ. ಆಟವನ್ನು ಕಲೆಯಾಗಿಸಿದ್ದು ನಮ್ಮ ಕೈಗಳು ಹೊತ್ತ ಈ ಹೊಣೆ. ಸಮರ್ಥಕರು ಕಿರೀಟವನ್ನು ತಪ್ಪು ತಲೆಗೆ ಇಡುತ್ತಿದ್ದಾರೆ.

ಐದನೆಯದು, ಎಲ್ಲಕ್ಕಿಂತ ಚತುರವಾದ ವಾದ: 2015ರ 'ದಿ ಫ್ಯಾಂಟಮ್ ಪೇನ್' ಅರ್ಧಕ್ಕೆ ನಿಂತದ್ದು ಬೇಕೆಂದೇ, ಕಳೆದುಕೊಂಡ ಅಂಗದ ನೋವೇ ಅದರ ವಸ್ತು. ಹಾಗಾದರೆ ಬಾಲಕ ಈಲೈ ದೈತ್ಯ ಯಂತ್ರವನ್ನು ಕದ್ದೊಯ್ದ ಕಥೆಗೆ ಮುಕ್ತಾಯ ಕೊಡಬೇಕಿದ್ದ 51ನೆಯ ಕಾರ್ಯಾಚರಣೆಯ ಅಪೂರ್ಣ ದೃಶ್ಯಗಳು ವಿಶೇಷ ಆವೃತ್ತಿಯ ಡಿಸ್ಕಿನಲ್ಲಿ ಏಕಿವೆ? ಬೇಕೆಂದೇ ಬಿಟ್ಟ ಖಾಲಿಯನ್ನು ಯಾರೂ ಅರ್ಧ ಕಟ್ಟಿ ಕೈಬಿಡುವುದಿಲ್ಲ. ಎರಡನೆಯ ಅಧ್ಯಾಯದ ಹಲವು ಕಾರ್ಯಾಚರಣೆಗಳು ಮೊದಲನೆಯ ಅಧ್ಯಾಯದವೇ, ಕಷ್ಟವನ್ನು ಏರಿಸಿ ಮತ್ತೆ ಬಡಿಸಿದವು. ಖಾಲಿ ಬಿಟ್ಟರೆ ಕಲೆ, ಪುನರಾವರ್ತಿಸಿದರೂ ಕಲೆ ಎನ್ನುವ ವಾದಕ್ಕೆ ದೋಷವೆಂಬುದು ಎಂದಿಗೂ ಕಾಣದು. ದೋಷವನ್ನು ಕಾಣಲಾರದ ಕಣ್ಣು ಗುಣವನ್ನೂ ಅಳೆಯಲಾರದು.

ಇಷ್ಟೆಲ್ಲ ಹೇಳಬೇಕಾಗಿ ಬಂದದ್ದು ಈ ಸರಣಿ ಮುಖ್ಯವಾದದ್ದು ಎಂಬ ಕಾರಣಕ್ಕೇ. ಆ ನದಿಯನ್ನೂ ಡ್ರೆಬಿನ್‌ನ ವರದಿಯನ್ನೂ ಒಂದೇ ತಕ್ಕಡಿಯಲ್ಲಿ ಸಮ ತೂಗಿದರೆ ಅನ್ಯಾಯವಾಗುವುದು ನದಿಗೆ. ಕೊಜಿಮಾ ಶ್ರೇಷ್ಠರಾಗಿದ್ದು ವಿವರಣೆ ನಿಲ್ಲಿಸಿ ಆಟಗಾರನನ್ನು ನಂಬಿದಾಗ. ಅದನ್ನು ಒಪ್ಪಲು ಉಳಿದದ್ದನ್ನೆಲ್ಲ ಸಮರ್ಥಿಸಬೇಕಾಗಿಲ್ಲ.