ನಕ್ಷೆಯಲ್ಲಿ ಮನೆ, ಒಳಗೆ ಮಂಚಗಳ ಸಾಲು

ಹಳ್ಳಿಯಿಂದ ಓದಲು, ದುಡಿಯಲು ಬಂದವರು ನಾಲ್ಕು ಜನ ಸೇರಿ ‘ರೂಮ್ ಮಾಡ್ಕೊಂಡು’ ಇರುವುದು ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ವಹಿವಾಟು, ಹಟ್ಟಿಯ ಚಿನ್ನದ ಗಣಿ, ತಾಲ್ಲೂಕು ಕೇಂದ್ರವಾದ ಮೇಲೆ ಮಸ್ಕಿಗೆ ಬಂದ ಕಚೇರಿಗಳು ಜನರನ್ನು ಎಳೆಯುತ್ತಲೇ ಇವೆ. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಗೆ ಸಾಲಾಗಿ ಮಂಚ ಹಾಕಿ ತಲೆಗಿಷ್ಟೆಂದು ಬಾಡಿಗೆ ಎತ್ತುವ ಪಿಜಿ ಮಾತ್ರ ಈಚಿನದು.

ಇಂಥದ್ದು ಮನೆಯೋ ವ್ಯಾಪಾರವೋ? 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್, ವಿದ್ಯಾರ್ಥಿಗಳೂ ನೌಕರರೂ ತಂಗುವ ಹಾಸ್ಟೆಲ್ ವಾಸದ ಮನೆಯೇ ಎಂದಿತು. 2023ರ ಜುಲೈನಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಅಲ್ಲವೆಂದು ಶೇ 12ರಷ್ಟು ಜಿಎಸ್‌ಟಿ ಹೇಳಿತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ಕನಿಷ್ಠ 90 ದಿನ ಸತತ ಉಳಿಯುವವರ ತಿಂಗಳ ಬಾಡಿಗೆ ತಲಾ 20,000 ರೂಪಾಯಿ ದಾಟದಿದ್ದರೆ ತೆರಿಗೆ ಬೇಡವೆಂದಿತು. ನಮ್ಮ ಊರುಗಳಿಗೆ ಆ ಮೊತ್ತ ದೂರದ ಮಾತು.

ತೆರಿಗೆಯ ತಂಟೆ ಹೀಗೆ ತಣ್ಣಗಾದರೂ ನಗರ ಯೋಜನೆಯ ತೊಡಕು ಹಾಗೆಯೇ ಉಳಿದಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಜಾಗದ ಬಳಕೆ ಬದಲಾದರೆ ಅನುಮತಿ ಕೇಳುತ್ತದೆ. ಆದರೆ ಮನೆ ಪಿಜಿಯಾಗುವಾಗ ಗೋಡೆ ಕದಲುವುದಿಲ್ಲ, ಮಹಡಿ ಏರುವುದಿಲ್ಲ. ಏರುವುದು ಬಚ್ಚಲ ನೀರು ಮತ್ತು ಶೌಚಗುಂಡಿಯ ಹೊರೆ. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ಐವರ ಸಂಸಾರಕ್ಕೆ 675 ಲೀಟರ್ ಸಾಕು. ಇಪ್ಪತ್ತು ಜನರಿಗೆ 2,700 ಬೇಕು. ಬೇಸಿಗೆಯ ಬಿಸಿಲಲ್ಲಿ ಪಕ್ಕದ ಮನೆಯವರು ಜಗಳಕ್ಕೆ ಬಂದರೆ ಬರೀ ಹೊಟ್ಟೆಕಿಚ್ಚು ಅನ್ನಬೇಡಿ.

ಈ 135 ಲೀಟರ್ ಬೆಂಗಳೂರಿನ ನಿಯಮದ್ದು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, ಆಗಸ್ಟ್‌ನಲ್ಲಿ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು: ಸಿಸಿಟಿವಿ, ಕಾವಲುಗಾರ, ಅಗ್ನಿಸುರಕ್ಷತೆ, ತಲೆಗೆ 70 ಚದರಡಿ ಜಾಗ. ಆ ಮಾರ್ಗಸೂಚಿಯ ವ್ಯಾಪ್ತಿ ಬೆಂಗಳೂರಿಗಷ್ಟೇ. ಹಾಗೆಯೇ ನಕಲು ಮಾಡುವುದೂ ತರವಲ್ಲ. ಹತ್ತಕ್ಕೆ ಹನ್ನೆರಡರ ಕೋಣೆ 120 ಚದರಡಿ. ಆ ಲೆಕ್ಕದಲ್ಲಿ ಒಬ್ಬನಿಗಷ್ಟೇ. ನಾಲ್ವರು ಹಂಚಿಕೊಳ್ಳುವ ಬಾಡಿಗೆಯನ್ನು ಒಬ್ಬನೇ ಹೊರಬೇಕಾದರೆ ಹಳ್ಳಿಯ ಹುಡುಗ ಊರಿಗೆ ಮರಳುತ್ತಾನೆ.

2025ರ ಫೆಬ್ರವರಿಯಲ್ಲಿ ಶುರುವಾದ ಬಿ-ಖಾತಾ ಅಭಿಯಾನ ಅನಧಿಕೃತ ಬಡಾವಣೆಗಳ ಆಸ್ತಿಯನ್ನು ತೆರಿಗೆ ಪುಸ್ತಕಕ್ಕೆ ತಂದಿತು. ಒಳ್ಳೆಯದೇ. ಆದರೆ ಅದರ ಕಣ್ಣು ನಿವೇಶನದ ಮೇಲಿತ್ತು, ಒಳಗೆ ಮಲಗುವವರ ಮೇಲಲ್ಲ. ಒಳ್ಳೆಯ ಅವಕಾಶವೊಂದು ಹಾಗೆ ಕೈತಪ್ಪಿತು.

ವಸತಿ ಬಡಾವಣೆಯಲ್ಲಿ ಪಿಜಿಯೇ ಬೇಡ ಎನ್ನುವವರ ವಾದ ನಮಗೆ ಒಪ್ಪಿಗೆಯಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದವರು ಎಲ್ಲಿಗೆ ಹೋಗಬೇಕು? ಜಾತಿ ಕೇಳಿ ಮನೆ ಕೊಡುವ ಕಡೆ, ದುಡ್ಡು ಎಣಿಸಿಕೊಂಡು ಮಂಚ ತೋರಿಸುವ ಪಿಜಿ ಎಷ್ಟೋ ಮಕ್ಕಳಿಗೆ ದಾರಿಯಾಗುತ್ತದೆ; ಒಪ್ಪಿಕೊಳ್ಳಲು ನಮಗೆ ಮುಜುಗರ, ಅಷ್ಟೇ. ನಿಷೇಧ ಹೇರಿದರೆ ಬೋರ್ಡು ಇಳಿಯುತ್ತದೆ, ಮಂಚ ಇಳಿಯುವುದಿಲ್ಲ.

ಸಿಂಧನೂರು ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿ ಪುರಸಭೆಗಳು ಮುಂದಿನ ಕಾಲೇಜು ಪ್ರವೇಶಕ್ಕೆ ಮುಂಚೆ ತಮ್ಮದೇ ಉಪವಿಧಿ ತರಲಿ. ಹತ್ತು ಜನರವರೆಗೆ ಮಾಲೀಕರ ಘೋಷಣೆ ಸಾಕು. ಅದಕ್ಕೂ ಮೇಲಿದ್ದರೆ ಪರವಾನಗಿ, ಶೌಚಾಲಯದ ಲೆಕ್ಕ, ಹೊರಬರಲು ಎರಡನೇ ದಾರಿ ಕಡ್ಡಾಯವಾಗಲಿ. ಕರಡನ್ನು ಸಭೆಗೆ ಇಡುವ ಮುನ್ನ ಆ ಮಂಚಗಳ ಮೇಲೆ ಮಲಗುವವರನ್ನೂ ಕರೆದು ಕೇಳಲಿ.