ವಿಠಲನ ಪಾದಕ್ಕೆ ಎಷ್ಟು ದೂರ?

ಸಾಂತಾಕ್ರೂಜ್ ಪೂರ್ವದ ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠವಿದೆ. ಊರಿಗೆ ಹೋಗಲು ರಜೆ ಸಿಗದ ನಮ್ಮಂಥವರಿಗೆ ಉಡುಪಿಯ ಕೃಷ್ಣ ಅಲ್ಲೇ. ಆದರೆ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಪಂಢರಾಪುರಕ್ಕೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? 'ಅದು ಮರಾಠಿಗರ ದೇವರು' ಎಂದು ಸುಮ್ಮನಿದ್ದುಬಿಡುತ್ತೇವೆ.

ನನಗೇನೋ ಈ ಮಾತು ಒಪ್ಪಿಗೆಯಿಲ್ಲ. ಪುರಂದರದಾಸರು, ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು, ಎಲ್ಲರ ಅಂಕಿತದಲ್ಲೂ ಇರುವವನು ವಿಠಲನೇ. ಸಂತ ಜ್ಞಾನೇಶ್ವರರ ಅಭಂಗವೊಂದು ಅವನನ್ನು ಕನ್ನಡಿಗನೆಂದೇ ಕರೆಯುತ್ತದೆ. ದೇವರ ಸೇವೆಗೆ ಹೊಯ್ಸಳ ಸೋಮೇಶ್ವರ ಊರೊಂದನ್ನು ದತ್ತಿ ಬಿಟ್ಟ 1237ರ ಶಾಸನವೂ ಅಲ್ಲಿದೆ. ಅಲ್ಲಿ ಚಂದ್ರಭಾಗಾ ಎನಿಸಿಕೊಂಡ ಹೊಳೆ ನಮ್ಮ ಗಾಣಗಾಪುರದ ಭೀಮೆಯೇ.

ಆದರೆ ಪಂಢರಾಪುರದ ನಿಜವಾದ ವೈಶಿಷ್ಟ್ಯ ಬೇರೆ. ಉಡುಪಿಯಲ್ಲಿ ನಾವು ಕೃಷ್ಣನನ್ನು ನೋಡುವುದು ನವಗ್ರಹ ಕಿಂಡಿಯಿಂದ. ಕನಕದಾಸರಿಗೆ ಸಿಕ್ಕಿದ್ದೂ ಹೊರಗಿನ ಕಿಂಡಿಯೇ ಎನ್ನುತ್ತದೆ ಐತಿಹ್ಯ. ಪಂಢರಾಪುರದಲ್ಲಿ ಹಾಗಲ್ಲ. ಇಟ್ಟಿಗೆಯ ಮೇಲೆ, ಸೊಂಟಕ್ಕೆ ಕೈಯಿಟ್ಟು ನಿಂತ ವಿಠೋಬನ ಪಾದಕ್ಕೆ ಭಕ್ತರು ತಲೆಯಿಟ್ಟೇ ನಮಸ್ಕರಿಸಬಹುದು. ಸಾಲು ತಳ್ಳುತ್ತಿರುತ್ತದೆ, ಸಿಗುವುದು ಒಂದೆರಡು ಕ್ಷಣ. ಸ್ತೋತ್ರ ಗೀತ್ರ ಏನೂ ನೆನಪಾಗುವುದಿಲ್ಲ. ಹಣೆಗೆ ತಣ್ಣನೆಯ ಕಲ್ಲು ತಾಗಿದ್ದಷ್ಟೇ ಗೊತ್ತಾಗುತ್ತದೆ.

ಈ ಸ್ಪರ್ಶ ಎಲ್ಲರಿಗೂ ಸುಲಭವಾಗಿ ದಕ್ಕಿದ್ದಲ್ಲ. ಮಹಾರ್ ಜಾತಿಯ ಸಂತ ಚೋಖಾಮೇಳನಿಗೆ ಒಳಗೆ ಪ್ರವೇಶವಿರಲಿಲ್ಲ. ಅಭಂಗಗಳನ್ನು ಹಾಡುತ್ತಲೇ ಬಾಳಿದ, ಅವನ ಸಮಾಧಿ ಮಹಾದ್ವಾರದ ಹೊರಗಿದೆ. ಮುಂದೆ ಶತಮಾನಗಳು ಕಳೆದು, 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಅದೇ ಊರಿನಲ್ಲಿ ಆಮರಣ ಉಪವಾಸ ಕೂತರು. ಆ ಮೇಲೆಯೇ ದಲಿತರಿಗೆ ಬಾಗಿಲು ತೆರೆದದ್ದು. ಜ್ಞಾನೋಬಾ, ತುಕಾರಾಮರ ಪಾಲಕಿಗಳೊಂದಿಗೆ ಆಳಂದಿ, ದೇಹುಗಳಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ನಡೆದು ಬರುವ ವಾರಕರಿಗಳು ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಾರೆ, ಜಾತಿ ಕೇಳುವುದಿಲ್ಲ. ದೇವಸ್ಥಾನ ಅದನ್ನು ಕಲಿಯಲು ಅಷ್ಟು ಕಾಲ ತೆಗೆದುಕೊಂಡಿತು. ಕ್ಷೇತ್ರದ ಮಹಿಮೆ ಹೇಳುವಾಗ ನಾವು ಪುಂಡಲೀಕನ ಕಥೆಯನ್ನಷ್ಟೇ ಹೇಳುತ್ತೇವೆ. ಅದರ ಜೊತೆ ಇದನ್ನೂ ಮಕ್ಕಳಿಗೆ ಹೇಳಬೇಕು.

ಹೋಗುವುದಾದರೆ ಆಷಾಢ, ಕಾರ್ತಿಕ ಏಕಾದಶಿಗಳ ನೂಕುನುಗ್ಗಲು ತಪ್ಪಿಸಿ ಹೋಗಿ. ಸಮಯವಿಲ್ಲವೆಂದು ಮುಖದರ್ಶನದ ಸಾಲಿಗೆ ನಿಲ್ಲಬೇಡಿ, ಪಾದದರ್ಶನದ ಸಾಲಿಗೇ ನಿಲ್ಲಿ. ಒಳಗೆ ಹೋಗುವ ಮುಂಚೆ ಚೋಖಾಮೇಳನ ಸಮಾಧಿಯ ಮುಂದೆ ಒಂದು ನಿಮಿಷ ನಿಲ್ಲಿ.